ಚಕ್ರದ ಮೇಲಿನ ಮನೆ

ಆರ್‌ವಿ ಅಂದರೆ ಸ್ವಾತಂತ್ರ್ಯ ಅನ್ನೋದು ಬಾಡಿಗೆಗೆ ಕೊಡುವವರ ಜಾಹೀರಾತು, ಪೂರ್ತಿ ನಂಬಬೇಡಿ. ಕಳೆದ ಲಾಂಗ್ ವೀಕೆಂಡಿಗೆ ಐದು ಜನ ಗೆಳೆಯರು ಬೇ ಏರಿಯಾದಿಂದ ಸ್ಯಾನ್ ಡಿಯಾಗೊಗೆ ಒಂದನ್ನು ಓಡಿಸಿಕೊಂಡು ಹೋಗಿದ್ವಿ. ಸುಮಾರು 800 ಕಿಲೋಮೀಟರು. ಕ್ಯಾಲಿಫೋರ್ನಿಯಾದಲ್ಲಿ 40 ಅಡಿ ಉದ್ದದವರೆಗೆ ಮಾಮೂಲಿ ಕಾರಿನ ಲೈಸೆನ್ಸೇ ಸಾಕು. ಪೆಟ್ರೋಲ್ ಕುಡಿಯೋದು ಮಾತ್ರ... ಬಿಡಿ, ಆನೆ ಸಾಕಿದ ಹಾಗೆ.

ಆದರೆ ಈ ಗಾಡಿ ಒಂದು ಪಾಠ ಚೆನ್ನಾಗಿ ಕಲಿಸುತ್ತೆ. ಒಳಗೆ ಮೂರು ಟ್ಯಾಂಕು: ಒಂದು ಒಳ್ಳೆ ನೀರಿಗೆ, ಇನ್ನೊಂದು ಸ್ನಾನ-ಪಾತ್ರೆಯ ನೀರಿಗೆ, ಮತ್ತೊಂದು ಟಾಯ್ಲೆಟ್ಟಿಗೆ. ನಮ್ಮದರಲ್ಲಿ ಒಳ್ಳೆ ನೀರು 40 ಗ್ಯಾಲನ್, ಅಂದರೆ ಬರೀ 150 ಲೀಟರು, ಐದು ಜನಕ್ಕೆ! ತುಂಬಿದ ಟ್ಯಾಂಕನ್ನು ಡಂಪ್ ಸ್ಟೇಷನ್ನಿನಲ್ಲಿ ದಪ್ಪ ಪೈಪು ಸಿಕ್ಕಿಸಿ ನಾವೇ ಖಾಲಿ ಮಾಡಬೇಕು. ಮೊದಲು ಟಾಯ್ಲೆಟ್ಟಿಂದು, ಆಮೇಲೆ ಸ್ನಾನದ್ದು. ಆಗ ಪೈಪೂ ತೊಳೆದ ಹಾಗಾಗುತ್ತೆ. ಈ ಘನಕಾರ್ಯಕ್ಕೆ ಚೀಟಿ ಎತ್ತಿದೆವು. ಬೆಂಗಳೂರಲ್ಲಿ ಟ್ಯಾಂಕರಿಗೆ ಕಾದು ಅಭ್ಯಾಸವಿದ್ದ ಗೆಳೆಯನೊಬ್ಬನಿಗೆ ಮಾತ್ರ ನೀರಿನ ಲೆಕ್ಕ ಹೊಸದೆನಿಸಲಿಲ್ಲ.

ನಾವು ಉಳಿದಿದ್ದು ಮಿಷನ್ ಬೇ ದಂಡೆಯ ಆರ್‌ವಿ ಪಾರ್ಕಿನಲ್ಲಿ. ಕರೆಂಟು, ನಲ್ಲಿ, ಡ್ರೈನು ಎಲ್ಲ ಪಕ್ಕದಲ್ಲೇ. ಅಲ್ಲಿಂದ ಸ್ವಲ್ಪ ದೂರ ಹೋದರೆ ರಸ್ತೆ ಬದಿಯಲ್ಲಿ ಹಳೇ ಆರ್‌ವಿಗಳ ಸಾಲು, ಕಿಟಕಿಗೆ ಬೆಡ್‌ಶೀಟು ಕಟ್ಟಿಕೊಂಡು. ಇವರು ಟೂರಿಸ್ಟುಗಳಲ್ಲ. ಬಾಡಿಗೆ ಮನೆ ಕೈಗೆಟುಕದೆ ಗಾಡಿಯಲ್ಲೇ ಸಂಸಾರ ಮಾಡುವವರು. ಇದೇ ಊರು 2019ರ ಫೆಬ್ರವರಿಯಲ್ಲಿ ವಾಹನದಲ್ಲಿ ವಾಸಿಸೋದಕ್ಕಿದ್ದ ಹಳೇ ನಿಷೇಧವನ್ನು ತೆಗೆದುಹಾಕಿತು. ಮೇ ತಿಂಗಳಲ್ಲೇ ಇನ್ನೊಂದನ್ನು ತಂದಿತು: ಮನೆ, ಶಾಲೆಗಳಿಂದ 500 ಅಡಿಯೊಳಗೆ ಯಾವಾಗಲೂ ಕೂಡದು, ಉಳಿದ ಕಡೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕೂಡದು. ಅಂದರೆ ನಿದ್ದೆ ಮಾಡೋ ಹೊತ್ತಿಗೆ ಸರಿಯಾಗಿ!

ಅಕ್ಕಪಕ್ಕದ ಮನೆಯವರ ದೂರು ಸುಳ್ಳು ಅಂತ ನಾನು ಹೇಳೋಲ್ಲ. ರಸ್ತೆ ಬದಿ ಮೋರಿಗೆ ಯಾರಾದರೂ ಟ್ಯಾಂಕು ಬಿಟ್ಟರೆ ಅದು ಶುದ್ಧೀಕರಣವಾಗದೆ ನೇರ ಸಮುದ್ರಕ್ಕೆ ಹೋಗುತ್ತೆ, ನಾವೆಲ್ಲ ಈಜೋ ನೀರಿಗೆ. ಆದರೆ ಮೂರು ದಿನ ಆ ಪೈಪು ಹಿಡಿದ ಮೇಲೆ ನನಗನ್ನಿಸೋದು ಇಷ್ಟೇ: ಟ್ಯಾಂಕು ತುಂಬೋದನ್ನು ಯಾವ ದಂಡವೂ ತಡೆಯೋಲ್ಲ. ನಗರದವರು ರಾತ್ರಿ ನಿಲ್ಲಿಸೋಕೆ ಸೇಫ್ ಪಾರ್ಕಿಂಗ್ ಅಂತ ಕೆಲವು ಜಾಗ ಕೊಟ್ಟಿರೋದು ಒಳ್ಳೇದೇ. ಅದರ ಜೊತೆಗೆ ದುಡ್ಡಿಲ್ಲದೆ ಟ್ಯಾಂಕು ಖಾಲಿ ಮಾಡೋಕೆ, ನೀರು ಹಿಡಿಯೋಕೆ ಪ್ರತಿ ಬಡಾವಣೆಗೂ ಒಂದು ಜಾಗ ಕೊಡಲಿ. ಟಿಕೆಟ್ ಬರೆಯೋದು ಆಮೇಲೆ.

ನಾವು ಮಾಡಿದರೆ ಕ್ಯಾಂಪಿಂಗು, ಅವರು ಮಾಡಿದರೆ ಅಪರಾಧ. ಗಾಡಿ ಅದೇ, ಟ್ಯಾಂಕೂ ಅವೇ ಮೂರು. ಏನಂತೀರಿ?