ರೈಲು ಬಂದರೆ ಸಾಲದು, ವ್ಯಾಗನ್ ನಿಲ್ಲಲು ಜಾಗ ಬೇಕು



ಬೆಳಗೊಳದಿಂದ ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಕುಶಾಲನಗರಕ್ಕೆ ಸುಮಾರು 87 ಕಿಲೋಮೀಟರು ಉದ್ದದ ರೈಲು ಮಾರ್ಗ ಹಾಕಬೇಕೆಂಬ ಪ್ರಸ್ತಾಪ ಹಲವು ವರ್ಷಗಳಿಂದ ಕಾಗದದ ಮೇಲಿದೆ. ನಾಲ್ಕು ಜನ ಬೆಳೆಗಾರರು ಸೇರಿದ ಕಡೆಯಲ್ಲೆಲ್ಲ ಆ ಮಾತು ಬರುತ್ತದೆ. "ರೈಲು ಯಾವಾಗ ಬರುತ್ತದೆ?" ಎಂದು ಎಲ್ಲರೂ ಕೇಳುತ್ತಾರೆ. "ಬಂದ ರೈಲಿಗೆ ನಮ್ಮ ಚೀಲ ಹತ್ತುತ್ತದೆಯೇ?" ಎಂದು ಕೇಳಿದವರನ್ನು ಮಾತ್ರ ನಾನು ಕಾಣೆ. ಈ ಎರಡನೆಯ ಪ್ರಶ್ನೆಯೇ ನಮಗೆ ಮುಖ್ಯವಾದದ್ದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಉತ್ತರ ಹುಡುಕಬೇಕಾದರೆ ಗೂಡ್ಸ್ ಗಾಡಿಯವರು ಶಂಟಿಂಗ್ ಮಾಡುವ ಬಗೆಯನ್ನು ಸ್ವಲ್ಪ ತಿಳಿಯಬೇಕು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹಳಿ ಇರುವುದು ಕೃಷ್ಣರಾಜನಗರಕ್ಕೆ ಮಾತ್ರ. ಮೈಸೂರಿನಿಂದ ಹೊರಟು ಸಾಗರಕಟ್ಟೆ, ಕೃಷ್ಣರಾಜನಗರ, ಅಕ್ಕಿಹೆಬ್ಬಾಳು, ಹೊಳೆನರಸೀಪುರಗಳನ್ನು ದಾಟಿ ಹಾಸನ, ಅರಸೀಕೆರೆಗಳಿಗೆ ಹೋಗುವ ಈ ಮಾರ್ಗ ಸಂಸ್ಥಾನದ ಕಾಲದ್ದು. ಮೊದಲು ಅದು ಮೀಟರ್ ಗೇಜ್ ಆಗಿತ್ತು. ಆ ಕಾಲದಲ್ಲಿ ಸಣ್ಣ ನಿಲ್ದಾಣಗಳಲ್ಲೂ ಒಂದು ಗೂಡ್ಸ್ ಶೆಡ್ಡು, ಅದರ ಪಕ್ಕಕ್ಕೆ ಒಂದು ಸೈಡಿಂಗು ಇರುವುದು ವಾಡಿಕೆ. ಊರೂರಿಗೂ ನಿಂತು ವ್ಯಾಗನ್ ಬಿಟ್ಟು, ವ್ಯಾಗನ್ ಎತ್ತಿಕೊಂಡು ಹೋಗುವ ಗೂಡ್ಸ್ ಗಾಡಿ ಇತ್ತು. ಹತ್ತು ಜನ ಸೇರಿ ಒಂದು ವ್ಯಾಗನ್ ತುಂಬಿಸಿದರೂ ಸಾಕು, ಅದು ದೇಶದ ಯಾವ ಮೂಲೆಗಾದರೂ ಹೋಗುತ್ತಿತ್ತು. ನಿಲ್ದಾಣದ ಬೇಲಿಯ ಪಕ್ಕ ನಿಂತು ಆ ಕೆಲಸವನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ಸದಸ್ಯರಲ್ಲಿ ಇನ್ನೂ ಇದ್ದಾರೆ.

ನೋಡುವವರಿಗೆ ಇಂಜಿನ್ನು ಸುಮ್ಮನೆ ಹಿಂದಕ್ಕೂ ಮುಂದಕ್ಕೂ ಓಡಾಡುವಂತೆ ಕಾಣುತ್ತಿತ್ತು. ಆದರೆ ಅದರಲ್ಲಿ ಒಂದು ಲೆಕ್ಕವಿರುತ್ತಿತ್ತು. ಕೃಷ್ಣರಾಜನಗರವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮೈಸೂರಿನಿಂದ ಬಂದ ಗಾಡಿ ಇಲ್ಲಿ ಮೂರು ಖಾಲಿ ವ್ಯಾಗನ್ ಬಿಡಬೇಕು, ಸೈಡಿಂಗಿನಲ್ಲಿ ಅಕ್ಕಿ ತುಂಬಿ ನಿಂತಿರುವ ಎರಡು ವ್ಯಾಗನ್ ಎತ್ತಿಕೊಳ್ಳಬೇಕು ಎಂದು ಭಾವಿಸಿ. ಸೈಡಿಂಗಿನ ಬಾಯಿ ಹಾಸನದ ಕಡೆಗಿದೆ ಎನ್ನಿ. ಆ ಮೂರು ಖಾಲಿ ವ್ಯಾಗನ್ ಇಂಜಿನ್ನಿನ ಬೆನ್ನಿಗೇ ಇದ್ದರೆ ಕೆಲಸ ಹೀಗೆ ನಡೆಯುತ್ತದೆ.

ಮೊದಲು ಹಿಂದಿನ ಗಾಡಿಗೆ ಕೈಬ್ರೇಕು ಬಿಗಿದು, ಮೂರನೆಯ ವ್ಯಾಗನಿನ ಹಿಂದಿನ ಕೊಂಡಿ ಬಿಚ್ಚುತ್ತಾರೆ. ಇಂಜಿನ್ನು ಮೂರು ಖಾಲಿಗಳೊಡನೆ ಪಾಯಿಂಟು ದಾಟಿ ಮುಂದಕ್ಕೆ ಹೋಗುತ್ತದೆ. ಪಾಯಿಂಟು ತಿರುಗಿಸಿದ ಮೇಲೆ ಮೆಲ್ಲಗೆ ಸೈಡಿಂಗಿಗೆ ಹಿಮ್ಮೆಟ್ಟಿ, ತುಂಬಿದ ಎರಡನ್ನು ಕೊಂಡಿಗೆ ಹಾಕಿಕೊಂಡು, ಐದನ್ನೂ ಹೊರಗೆಳೆಯುತ್ತದೆ. ಮತ್ತೆ ಹಿಂದಕ್ಕೆ ಬಂದು ತುಂಬಿದ ಎರಡನ್ನು ನಿಂತ ಗಾಡಿಗೆ ಸೇರಿಸಿ ಬಿಡುತ್ತದೆ. ಖಾಲಿ ಮೂರನ್ನು ಇನ್ನೊಮ್ಮೆ ಮುಂದಕ್ಕೊಯ್ದು, ಸೈಡಿಂಗಿಗೆ ತಳ್ಳಿ, ಕೈಬ್ರೇಕು ಹಾಕಿ, ಗಾಲಿಗೆ ಅಡೆ ಕೊಟ್ಟು ಬಿಡುತ್ತಾರೆ. ಕೊನೆಗೆ ಇಂಜಿನ್ನು ಒಂಟಿಯಾಗಿ ಬಂದು ಗಾಡಿಗೆ ಸೇರುತ್ತದೆ, ಬ್ರೇಕು ಪರೀಕ್ಷೆಯಾಗುತ್ತದೆ, ಗಾಡಿ ಹೊರಡುತ್ತದೆ. ಇಷ್ಟಾದರೆ ಎಲ್ಲ ಮುಗಿಯಿತು.

ಅದೇ ಮೂರು ಖಾಲಿ ವ್ಯಾಗನ್ ಗಾಡಿಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಚದುರಿದ್ದರೆ? ಒಂದೊಂದನ್ನೂ ಬೇರೆ ಬೇರೆಯಾಗಿ ಕಡಿದು ತೆಗೆಯಬೇಕು. ಅಷ್ಟರಲ್ಲಿ ಎದುರಿನಿಂದ ಪ್ಯಾಸೆಂಜರ್ ಗಾಡಿ ಬರುವ ಹೊತ್ತಾಗುತ್ತದೆ. ಒಂಟಿ ಹಳಿಯ ಮಾರ್ಗದಲ್ಲಿ ಸ್ಟೇಷನ್ ಮಾಸ್ಟರರ ಅಪ್ಪಣೆಯಿಲ್ಲದೆ ಮುಖ್ಯ ಹಳಿಯನ್ನು ಮುಟ್ಟುವಂತಿಲ್ಲ. ಆದ್ದರಿಂದಲೇ ದೊಡ್ಡ ಯಾರ್ಡಿನಲ್ಲಿ ಗಾಡಿ ಕಟ್ಟುವಾಗಲೇ ಒಂದೂರಿನ ವ್ಯಾಗನುಗಳನ್ನು ಒಟ್ಟಿಗೆ, ಮೊದಲು ಬಿಡಬೇಕಾದವನ್ನು ಇಂಜಿನ್ನಿಗೆ ಹತ್ತಿರ, ಊರಿನ ಸರದಿಯಲ್ಲೇ ಜೋಡಿಸುತ್ತಿದ್ದರು. ಕೃಷ್ಣರಾಜನಗರದಲ್ಲಿ ಉಳಿಯುವ ಅರ್ಧ ಗಂಟೆಯನ್ನು ಮೈಸೂರಿನಲ್ಲೇ ಸಂಪಾದಿಸಬೇಕಾಗಿತ್ತು.

ಸೈಡಿಂಗಿನ ಬಾಯಿ ಮೈಸೂರಿನ ಕಡೆಗಿದ್ದರೆ ಕಥೆಯೇ ಬೇರೆ. ಮುಂದೆ ನಿಂತ ಇಂಜಿನ್ನು ವ್ಯಾಗನನ್ನು ಎಳೆದುಕೊಂಡು ಒಳಗೆ ಹೋದರೆ ಅದೇ ಒಳಗೆ ಸಿಕ್ಕಿಕೊಳ್ಳುತ್ತದೆ. ಲೂಪ್ ಲೈನಿನ ಮೇಲೆ ಸುತ್ತಿ ಬಂದು ಹಿಂದಿನಿಂದ ತಳ್ಳಬೇಕು. ಅದಕ್ಕೆ ಜಾಗವಿಲ್ಲದಿದ್ದರೆ ವ್ಯಾಗನನ್ನು ಮುಂದಿನ ನಿಲ್ದಾಣಕ್ಕೆ ಒಯ್ದು, ಹಾಸನದಿಂದ ತಿರುಗಿ ಬರುವ ಗಾಡಿಗೆ ಒಪ್ಪಿಸಬೇಕು. ಹಳಿ ಹಾಕಿದಾತ ಬಾಯಿಯನ್ನು ಎತ್ತ ಇಟ್ಟ ಎಂಬ ಒಂದು ವಿಷಯದಿಂದ ಬೆಳೆಗಾರನ ಸರಕು ಒಂದು ದಿನ ತಡವಾಗುತ್ತದೆ. ಇದನ್ನು ಸದಸ್ಯರು ಮನಸ್ಸಿನಲ್ಲಿಡಬೇಕು.

ಆ ಕೆಲಸಗಾರರ ಎಚ್ಚರಿಕೆಯನ್ನೂ ಹೇಳದೆ ಇರಲಾರೆ. ಶಂಟಿಂಗಿನ ವೇಗ ಗಂಟೆಗೆ 15 ಕಿಲೋಮೀಟರು ಮೀರಬಾರದೆಂದು ನಿಯಮ. ಡ್ರೈವರಿಗೆ ಹಿಂದಿನದು ಕಾಣುವುದಿಲ್ಲ. ಹಗಲಿನಲ್ಲಿ ಬಾವುಟ, ರಾತ್ರಿಯಲ್ಲಿ ದೀಪ, ಇವೇ ಅವನ ಕಣ್ಣು. ಗಾರ್ಡು ಮತ್ತು ಪಾಯಿಂಟ್ಸ್‌ಮನ್ ಎಲ್ಲಿ ನಿಂತರೆ ಡ್ರೈವರಿಗೆ ಕಾಣುತ್ತೇವೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ನಿಶಾನೆ ಮರೆಯಾದರೆ ಡ್ರೈವರು ನಿಲ್ಲಿಸಲೇಬೇಕು. ಎರಡು ವ್ಯಾಗನ್ ನಡುವೆ ನುಗ್ಗಿ ಕೊಂಡಿ ಹಾಕುವವನ ಜೀವ ಈ ಒಪ್ಪಂದದ ಮೇಲೆ ನಿಂತಿರುತ್ತದೆ. ಗಾರ್ಡ್ ಎಂಬ ಹೆಸರು 2022ರ ಜನವರಿಯಲ್ಲಿ ಟ್ರೇನ್ ಮ್ಯಾನೇಜರ್ ಎಂದು ಬದಲಾಯಿತು. ಜವಾಬ್ದಾರಿ ಬದಲಾಗಿಲ್ಲ.

ಇಷ್ಟು ಚೆನ್ನಾದ ವ್ಯವಸ್ಥೆ ಏಕೆ ಹೋಯಿತು? ಬರೀ ರೈಲ್ವೆಯವರನ್ನು ಬೈದರೆ ನ್ಯಾಯವಾಗದು. ಬಿಡಿ ವ್ಯಾಗನ್ ಒಂದು ಯಾರ್ಡಿನಿಂದ ಇನ್ನೊಂದು ಯಾರ್ಡಿಗೆ ಕೈ ಬದಲಾಗುತ್ತ, ಓಡಿದ್ದಕ್ಕಿಂತ ನಿಂತಿದ್ದೇ ಹೆಚ್ಚಾಗುತ್ತಿತ್ತು. ಯಾವ ದಿನ ತಲಪುತ್ತದೆಂದು ಹೇಳುವವರಿರಲಿಲ್ಲ. ಲಾರಿಯವನು ತೋಟದ ಬಾಗಿಲಿಗೇ ಬಂದ, ನಾವೂ ಲಾರಿಯ ಹಿಂದೆ ಹೋದೆವು. 1980ರ ದಶಕದಿಂದೀಚೆಗೆ ರೈಲ್ವೆ ಇಲಾಖೆಯು ಒಂದೆಡೆ ತುಂಬಿ ಒಂದೆಡೆ ಇಳಿಸುವ ಪೂರ್ತಿ ಗಾಡಿಯ ಪದ್ಧತಿಗೆ ತಿರುಗಿತು. ದಾರಿಯಲ್ಲಿ ಶಂಟಿಂಗ್ ತಪ್ಪಿತು, ಗಾಡಿ ಬೇಗ ತಿರುಗಿ ಬಂತು. ಇಲಾಖೆಗೆ ಇದು ಲಾಭವೇ. ಆದರೆ ಮುಚ್ಚು ವ್ಯಾಗನುಗಳ ಒಂದು ಪೂರ್ತಿ ಗಾಡಿ ಎಂದರೆ ಎರಡು ಸಾವಿರ ಟನ್ನಿಗೂ ಮೀರಿದ ಸರಕು. ಸಿಮೆಂಟು, ಗೊಬ್ಬರ, ಪಡಿತರದ ಧಾನ್ಯ ಅಷ್ಟು ಒಟ್ಟಿಗೆ ಬರುತ್ತದೆ. ನಮ್ಮ ಅಡಿಕೆ ಹಾಗೆ ಬರುವುದಿಲ್ಲ.

ಕಾಫಿಯ ಲೆಕ್ಕವನ್ನೇ ನೋಡಿ. ರಫ್ತಿನ 20 ಅಡಿ ಕಂಟೇನರಿಗೆ 60 ಕಿಲೋ ತೂಕದ 320 ಚೀಲ ಹಿಡಿಯುತ್ತದೆ, ಅಂದರೆ 19.2 ಟನ್. ಕಂಟೇನರ್ ಗಾಡಿಯೊಂದಕ್ಕೆ 45 ವ್ಯಾಗನ್, ಒಂದೊಂದರ ಮೇಲೆ ಎರಡರಂತೆ 90 ಕಂಟೇನರು. ಗಾಡಿ ತುಂಬಬೇಕಾದರೆ 28,800 ಚೀಲ ಒಂದೇ ದಿನ ಒಂದೇ ಕಡೆ ಸೇರಬೇಕು. ಯಾವ ಒಬ್ಬ ಬೆಳೆಗಾರನ ಕೈಲಿ ಆಗುವ ಮಾತು ಇದು? ಒಂದು ಸಂಘದಿಂದಲೂ ಆಗದು. ನಾಲ್ಕಾರು ಸಂಘಗಳು, ಕ್ಯೂರಿಂಗ್ ವರ್ಕ್ಸ್‌ನವರು, ಅಕ್ಕಿ ಗಿರಣಿಯವರು ಸೇರಿದರೆ ಮಾತ್ರ ಅದರ ಒಂದು ಭಾಗವನ್ನಾದರೂ ತುಂಬಿಸಬಹುದು.

ಆದ್ದರಿಂದ ಹಳೆಯ ಗೂಡ್ಸ್ ಗಾಡಿಯನ್ನು ತಿರುಗಿ ಕೊಡಿ ಎಂದು ನಾನು ಕೇಳುವುದಿಲ್ಲ. ಅದು ಬರುವುದಿಲ್ಲ. 20 ವ್ಯಾಗನಿನ ಚಿಕ್ಕ ಗಾಡಿ ತುಂಬಿಸಲು, ಒಂದೇ ಗಾಡಿಯನ್ನು ಎರಡು ನಿಲ್ದಾಣಗಳಲ್ಲಿ ತುಂಬಿಸಲು ಇಲಾಖೆಯ ನಿಯಮಗಳಲ್ಲೇ ಅವಕಾಶವಿದೆ. ಪ್ಯಾಸೆಂಜರ್ ಗಾಡಿಗೆ ಸೇರಿಸುವ ಪಾರ್ಸೆಲ್ ವ್ಯಾನಿಗೆ ಸುಮಾರು 23 ಟನ್ ಹಿಡಿಯುತ್ತದೆ; ಅಡಿಕೆಗೆ ಅದು ತಕ್ಕ ಅಳತೆ. ಆದರೆ ಇವುಗಳಲ್ಲಿ ಯಾವುದನ್ನು ಮಾಡಬೇಕಾದರೂ ನಿಲ್ದಾಣದಲ್ಲಿ ವ್ಯಾಗನ್ ಬಿಡಲು, ಎತ್ತಲು ಹಳಿ ಇರಬೇಕು. ಹಳಿ ಇಲ್ಲದ ಕಡೆ ನಿಯಮವಿದ್ದು ಏನು ಪ್ರಯೋಜನ?

ಹೊಸ ಮಾರ್ಗಕ್ಕಾಗಿ ಮನವಿ ಕೊಡುವಾಗ ಹುಣಸೂರು ಮತ್ತು ಪಿರಿಯಾಪಟ್ಟಣಗಳಿಗೆ ಮೂರು ಸಂಗತಿಗಳನ್ನು ಸ್ಪಷ್ಟವಾಗಿ ಬರೆದು ಕೇಳಬೇಕೆಂದು ನನ್ನ ಸೂಚನೆ.

ಒಂದು: ಪೂರ್ತಿ ಗಾಡಿ ಹಿಡಿಯುವ, ಎರಡು ಕಡೆಯೂ ಬಾಯಿ ಇರುವ ಗೂಡ್ಸ್ ಲೈನು. ಪೂರ್ತಿ ಗಾಡಿಗೆ 686 ಮೀಟರು ಎಂಬುದು ಬಹುಕಾಲದ ಅಳತೆ. ಅದಕ್ಕಿಂತ ಕಡಿಮೆಯಾದರೆ ಗಾಡಿಯನ್ನು ತುಂಡು ಮಾಡಿ ನಿಲ್ಲಿಸಬೇಕಾಗುತ್ತದೆ.

ಎರಡು: ಮಟ್ಟಸವಾದ ನೆಲ. ನಿಲ್ದಾಣದ ಯಾರ್ಡಿನ ಇಳಿಜಾರು 400ಕ್ಕೆ 1ಕ್ಕಿಂತ ಕಡಿದಾಗಿರಬಾರದೆಂದು ರೈಲ್ವೆಯ ಕಟ್ಟಳೆ. ಬಿಟ್ಟ ವ್ಯಾಗನ್ ತಾನಾಗಿ ಉರುಳಬಾರದಲ್ಲ! ಊರ ಹತ್ತಿರ ಜಾಗ ಸಿಕ್ಕಿತೆಂದು ದಿಬ್ಬದ ಮೇಲೆ ನಿಲ್ದಾಣ ಕಟ್ಟಿಸಿಕೊಂಡರೆ ಪ್ರಯಾಣಿಕರು ಹತ್ತಿ ಇಳಿಯಬಹುದು, ವ್ಯಾಗನ್ ನಿಲ್ಲದು. ಇದರ ಜೊತೆಗೆ, ಶಂಟಿಂಗ್ ಮಾಡುವಾಗ ಮುಖ್ಯ ಹಳಿಗೆ ಅಡ್ಡಬಾರದಂತೆ ಇಂಜಿನ್ನು ಓಡಾಡಲು ಒಂದು ಪ್ರತ್ಯೇಕ ತುಂಡು ಹಳಿಯೂ ಬೇಕು.

ಮೂರು: ಮಳೆಗಾಲದಲ್ಲೂ ಲಾರಿ ಬಂದು ತಿರುಗುವ ರಸ್ತೆ, ಮೇಲ್ಛಾವಣಿಯಿರುವ ಗೂಡ್ಸ್ ಕಟ್ಟೆ, ರಾತ್ರಿ ಕೆಲಸಕ್ಕೆ ದೀಪ. ವ್ಯಾಗನನ್ನು ಗೊತ್ತಾದ ಗಂಟೆಯೊಳಗೆ ತುಂಬದಿದ್ದರೆ ಡೆಮರೇಜ್ ತೆರಬೇಕು. ನೆನೆದ ಕಾಫಿ ಚೀಲವನ್ನು ಕೊಳ್ಳುವವರಿಲ್ಲ.

ಎಚ್.ಡಿ. ಕೋಟೆಯ ಸದಸ್ಯರ ತಾಲ್ಲೂಕಿಗೆ ಈ ಮಾರ್ಗ ಬರುವುದಿಲ್ಲ. ಆದರೂ ಹುಣಸೂರಿನಲ್ಲಿ ಒಳ್ಳೆಯ ಗೂಡ್ಸ್ ಕಟ್ಟೆಯಾದರೆ ಅದು ಅವರದೂ ಹೌದು.

"ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುತ್ತೀರಿ" ಎಂದು ಕೆಲವರು ನಗಬಹುದು. ಆದರೆ ಯಾರ್ಡಿನ ಜಾಗವನ್ನು ಗುರುತಿಸುವುದು ನಕ್ಷೆ ಬರೆಯುವಾಗ. ಮಾರ್ಗವಾದ ಮೇಲೆ ಪಕ್ಕದ ನೆಲದಲ್ಲಿ ಮನೆ, ಮಳಿಗೆ ಎದ್ದುಬಿಡುತ್ತವೆ. ಆಮೇಲೆ ಒಂದು ಸೈಡಿಂಗು ಕೇಳಿದರೆ ಭೂಸ್ವಾಧೀನ, ವ್ಯಾಜ್ಯ, ಹತ್ತು ವರ್ಷ. 1924ರ ನೆರೆಯಲ್ಲಿ ಎಡತೊರೆ ಮುಳುಗಿದ ಮೇಲೆ ಹಿರಿಯರು ಎತ್ತರದ ನೆಲ ಹುಡುಕಿ ಕೃಷ್ಣರಾಜನಗರವನ್ನು ಕಟ್ಟಿದರು. ಮೊದಲು ನೆಲ ನೋಡಿದರು, ಆಮೇಲೆ ಮನೆ. ಅದೇ ವಿವೇಕ ಇಲ್ಲಿಯೂ ಬೇಕು.

ರೈಲಿದ್ದರೆ ಎಲ್ಲ ಕಷ್ಟವೂ ತೀರುತ್ತದೆಂದು ನಾನು ಹೇಳುತ್ತಿಲ್ಲ. 2018ರ ಆಗಸ್ಟಿನ ಮಳೆಗೆ ಸಂಪಾಜೆಯ ರಸ್ತೆಯೂ ಕುಸಿಯಿತು, ಸಕಲೇಶಪುರ ಸುಬ್ರಹ್ಮಣ್ಯದ ನಡುವಿನ ರೈಲು ಹಳಿಯ ಮೇಲೂ ಗುಡ್ಡ ಜಾರಿತು. ಆದರೆ ಎರಡು ದಾರಿ ಇದ್ದವನು ಒಂದು ಮುಚ್ಚಿದರೆ ಇನ್ನೊಂದರ ಬಾಗಿಲು ಕಾಯಬಹುದು. ಬಾಡಿಗೆ ಮಾತಾಡುವಾಗ ಲಾರಿಯವನೂ ಸ್ವಲ್ಪ ಯೋಚಿಸುತ್ತಾನೆ.

ಕೊನೆಯ ಮಾತು ನಮ್ಮ ಕಡೆಯ ಕೆಲಸದ ಬಗ್ಗೆ. ಇಲಾಖೆ ಹಳಿ ಕೊಟ್ಟರೂ ಸರಕನ್ನು ಒಟ್ಟು ಮಾಡುವವರು ನಾವೇ. ಆ ಹಳೆಯ ಗಾರ್ಡು, ಪಾಯಿಂಟ್ಸ್‌ಮನ್ನುಗಳು ಗಾಡಿ ಹೊರಡುವ ಮೊದಲೇ ಯಾವುದು ಎಲ್ಲಿ ಇಳಿಯಬೇಕೆಂದು ತಿಳಿದಿರುತ್ತಿದ್ದರು. ನಾವು ಚೀಲ ಹೊರಗೆ ತಂದ ಮೇಲೆ ಲಾರಿ ಹುಡುಕುವವರು. ಯಾವ ತಿಂಗಳು ಎಷ್ಟು ಕಾಫಿ, ಎಷ್ಟು ಅಡಿಕೆ ಯಾವ ಊರಿಗೆ ಹೋಗುತ್ತದೆಂಬ ಪಟ್ಟಿಯನ್ನು ಸಂಘವು ಈ ಸುಗ್ಗಿಯಿಂದಲೇ ಬರೆದಿಡಲಿ. ಕುಶಾಲನಗರದ ಮಾರ್ಗಕ್ಕೆ ಕಾಯಬೇಕಾಗಿಲ್ಲ. ಕೃಷ್ಣರಾಜನಗರದ ಹಳಿ ಇಂದೂ ಇದೆ, ಆ ಪಟ್ಟಿ ಹಿಡಿದು ಅಲ್ಲಿಗೇ ಮೊದಲು ಹೋಗೋಣ. ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಬೇಕೆಂದು ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ.

ಒಬ್ಬ ಬೆಳೆಗಾರ ಸದಸ್ಯ