ಬೆಟದೂರಿನ ಯೋಧನಿಗೆ ಗೌರವ ಯಾಕೆ? ಆರು ಆಕ್ಷೇಪಗಳಿಗೆ ಪ್ರತ್ಯುತ್ತರ

ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ್ದ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ತೀರಿಕೊಂಡದ್ದು 2016ರ ಫೆಬ್ರುವರಿ 11ರಂದು, ದೆಹಲಿಯ ಸೇನಾ ಆಸ್ಪತ್ರೆಯಲ್ಲಿ. ಮರುದಿನ ಅವರ ಅಂತ್ಯಸಂಸ್ಕಾರ ಊರಿನಲ್ಲೇ ನಡೆಯಿತು. ಅಂದಿನಿಂದ ನಮ್ಮ ಕಡೆಯ ಹಳ್ಳಿಗಳಲ್ಲಿ ಯೋಧರ ಮಾತು ಬಂದಾಗಲೆಲ್ಲ ಅವರ ಹೆಸರು ಬರುತ್ತದೆ. ಹೆಸರಿನ ಬೆನ್ನಿಗೇ ಕೆಲವು ಆಕ್ಷೇಪಗಳೂ ಬರುತ್ತವೆ. ಅವನ್ನು ಎತ್ತುವವರು ದೇಶದ್ರೋಹಿಗಳೆಂದು ನಾನು ಹೇಳುವುದಿಲ್ಲ. ಓದಿದವರು, ಯೋಚಿಸುವವರು, ರೈತ ಹೋರಾಟದಲ್ಲಿ ನಿಂತವರು ಅವರಲ್ಲಿದ್ದಾರೆ. ಆದ್ದರಿಂದಲೇ ಅವರ ಮಾತಿಗೆ ಘೋಷಣೆಯಿಂದ ಉತ್ತರಿಸಬಾರದು. ಒಂದೊಂದನ್ನೂ ಎತ್ತಿಕೊಂಡು ಉತ್ತರ ಕೊಡಬೇಕು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಅತಿ ಕಠಿಣ ನೆಲೆಗಳಲ್ಲಿ ಕೆಲಸ ಮಾಡುವ ಯೋಧರಿಗೆ ಸಮಾಜ ಗೌರವ ಕೊಡಬೇಕು. ಆ ಗೌರವ ಅವರ ಕೆಲಸವನ್ನು ಸರಿಯಾಗಿ ಅರಿತು ಕೊಟ್ಟದ್ದಾಗಿರಬೇಕು.

ಒಂದು: “ಪಗಾರ ತಗೋತಾರ, ಕೆಲಸ ಮಾಡ್ತಾರ. ಅದರಾಗ ದೊಡ್ಡದೇನೈತಿ?”

ಪಗಾರ ತಗೋತಾರೆ, ನಿಜ. ಸಿಯಾಚಿನ್‌ನಲ್ಲಿ ಜವಾನನಿಗೆ ತಿಂಗಳಿಗೆ 14,000 ರೂಪಾಯಿ ವಿಶೇಷ ಭತ್ಯೆ ಇತ್ತು. 2017ರಲ್ಲಿ ಅದು 30,000 ಆಯಿತು. ಆದರೆ ಹನುಮಂತಪ್ಪನವರ ಸೇವಾ ದಾಖಲೆಯನ್ನು ಒಮ್ಮೆ ನೋಡಿ. 2002ರ ಅಕ್ಟೋಬರಿನಲ್ಲಿ ಸೇನೆ ಸೇರಿದರು, ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್. 2003ರಿಂದ 2006ರವರೆಗೆ ಜಮ್ಮು-ಕಾಶ್ಮೀರದ ಮಾಹೋರ್‌ನಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆ. ಮತ್ತೆ 2008ರಿಂದ 2010ರವರೆಗೆ 54ನೇ ರಾಷ್ಟ್ರೀಯ ರೈಫಲ್ಸ್, ತಾವೇ ಕೇಳಿಕೊಂಡು. 2010ರಿಂದ 2012ರವರೆಗೆ ಈಶಾನ್ಯ ಭಾರತ, ಅದೂ ತಾವೇ ಮುಂದೆ ಬಂದು. 2015ರಲ್ಲಿ ಸಿಯಾಚಿನ್. ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಕಠಿಣ ನೆಲೆಗಳಲ್ಲೇ ಕಳೆದವು ಎಂದು ಸೇನೆಯೇ ಹೇಳಿತು.

ಪಗಾರವೊಂದೇ ಮುಖ್ಯವಾಗಿದ್ದರೆ ಶಾಂತ ಠಾಣೆಯಲ್ಲಿ ದಿನ ದೂಡುವ ದಾರಿ ಅವರಿಗೂ ಗೊತ್ತಿತ್ತು. ಕಷ್ಟದ ಜಾಗಕ್ಕೆ ಒಂದು ಸಲ ಹೋಗಿ ಬಂದವನಿಗೆ ಅಲ್ಲಿ ಏನಿದೆಯೆಂಬುದು ಗೊತ್ತಿರುತ್ತದೆ. ಗೊತ್ತಿದ್ದೂ ಮತ್ತೆ ಹೆಸರು ಕೊಡುವವನ ಸಂಗತಿ ಸಂಬಳದ ಚೀಟಿಯಲ್ಲಿ ಬರೆದಿರುವುದಿಲ್ಲ. ನಾವು ಗೌರವಿಸುವುದು ಅದನ್ನು.

ಎರಡು: “ಹೊಟ್ಟೆಪಾಡಿಗೆ ಹೋದವರು ಅವರು. ದೇಶಭಕ್ತಿ ಅಂತ ನೀವು ಬಣ್ಣ ಹಚ್ಚತೀರಿ.”

ಮಳೆ ನೆಚ್ಚಿದ ಎರಿ ಹೊಲ, ಕಡಲೆ, ಹತ್ತಿ, ಮೆಣಸಿನಕಾಯಿ, ಒಂದು ಹಂಗಾಮು ಕೈಕೊಟ್ಟರೆ ಸಾಲ. ಇಂಥ ಮನೆಗಳ ಹುಡುಗರು ಸೇನಾ ಭರ್ತಿಯ ಕನಸು ಕಾಣುವುದರಲ್ಲಿ ಮುಚ್ಚಿಡುವುದೇನೂ ಇಲ್ಲ. ನವಲಗುಂದ, ಅಣ್ಣಿಗೇರಿ ಕಡೆ ನಸುಕಿನಲ್ಲಿ ರಸ್ತೆಯುದ್ದಕ್ಕೂ ಓಡುವ ಹುಡುಗರಿಗೆ ನೌಕರಿ ಬೇಕು. 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಮುಗಿಸಿದರೆ ಪೂರ್ಣ ಅಂಕ, ಬೀಮ್ ಮೇಲೆ ಹತ್ತು ಸಲ ಮೈ ಎತ್ತಿದರೆ ಪೂರ್ಣ ಅಂಕ, ಒಂಬತ್ತು ಅಡಿ ಕಂದಕ ಜಿಗಿಯಲೇಬೇಕು ಎಂಬ ಲೆಕ್ಕ ಅವರಿಗೆ ಬಾಯಿಪಾಠ.

ಆದರೆ ಬಾಗಿಲೊಳಗೆ ಕಾಲಿಟ್ಟ ಕಾರಣವೇ ಒಳಗೆ ಉಳಿಯುವ ಕಾರಣವೂ ಆಗಿರಬೇಕೆಂದಿಲ್ಲ. ಧಾರವಾಡದ ಪಕ್ಕದ ಬೆಳಗಾವಿಯಲ್ಲೇ ಸೇನೆಯ ಕಮಾಂಡೊ ತರಬೇತಿ ಶಾಲೆ ಇದೆ. ಪದಾತಿ ಬೆಟಾಲಿಯನ್ನುಗಳ ಘಾತಕ್ ತುಕಡಿಗಳ ಯೋಧರು ಅಲ್ಲಿ ಪಳಗುತ್ತಾರೆ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ. ಆ ರೆಜಿಮೆಂಟಿನ ವಿಶೇಷ ಪಡೆಗೆ ಸೇರಲು ಯಾರನ್ನೂ ಒತ್ತಾಯಿಸುವುದಿಲ್ಲ. ತಾನಾಗಿ ಬಂದವನನ್ನು ತಿಂಗಳುಗಟ್ಟಲೆ ನಿದ್ದೆಗೆಡಿಸಿ, ಹಸಿವಿನಲ್ಲಿಟ್ಟು, ಭಾರ ಹೊರಿಸಿ ನಡೆಸಿ ಪರೀಕ್ಷಿಸುತ್ತಾರೆ. ಬಂದವರಲ್ಲಿ ಬಹುಪಾಲು ಜನ ನಡುವೆಯೇ ಹಿಂದಿರುಗುತ್ತಾರೆ. ಹಾಗೆ ಹಿಂದಿರುಗಿದವರ ನೌಕರಿಗೆ ಏನೂ ಆಗುವುದಿಲ್ಲ, ತಮ್ಮ ಮೂಲ ಪಡೆಗೆ ಮರಳುತ್ತಾರೆ, ಅಷ್ಟೆ. ಬಿಟ್ಟು ಬಂದರೂ ಹೊಟ್ಟೆಗೆ ತೊಂದರೆಯಿಲ್ಲ ಎಂದಿರುವಾಗ ಬಿಡದೆ ನಿಂತವನ ಛಲವನ್ನು ಹೊಟ್ಟೆಪಾಡು ಎಂದು ಹೇಗೆ ವಿವರಿಸುತ್ತೀರಿ? ಬಡತನದಿಂದ ಬಂದವನಿಗೆ ಬಡತನವಲ್ಲದೆ ಬೇರೆ ಕಾರಣವೇ ಇರಲಾರದು ಎನ್ನುವುದು ಬಡವರ ಮನಸ್ಸನ್ನು ಸಣ್ಣದು ಮಾಡುವ ಮಾತು.

ಮೂರು: “ಹಿಮ ಕುಸಿದು ಸತ್ತದ್ದು ಅಪಘಾತ. ಶೌರ್ಯ ಎಲ್ಲಿ ಬಂತು?”

ಈ ಆಕ್ಷೇಪಕ್ಕೆ ದೀರ್ಘವಾಗಿಯೇ ಉತ್ತರಿಸಬೇಕು, ಏಕೆಂದರೆ ಯುದ್ಧವೆಂದರೆ ಗುಂಡು ಹಾರಿಸುವುದು ಮಾತ್ರ ಎಂಬ ಸಿನಿಮಾ ಕಲ್ಪನೆ ಇದರ ಬುಡದಲ್ಲಿದೆ.

1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತದ ಮೂಲಕ ಭಾರತೀಯ ಸೇನೆ ಸಿಯಾಚಿನ್ ಪ್ರದೇಶದ ಎತ್ತರದ ನೆಲೆಗಳನ್ನು ಹಿಡಿಯಿತು. 2003ರ ನವೆಂಬರಿನಿಂದ ಅಲ್ಲಿ ಕದನ ವಿರಾಮವಿದೆ. ಸಾವು ನಿಲ್ಲಲಿಲ್ಲ. ಅಲ್ಲಿ ಮಡಿದ ನಮ್ಮ ಯೋಧರಲ್ಲಿ ಶತ್ರುವಿನ ಗುಂಡಿಗಿಂತ ಚಳಿ, ಹಿಮಪಾತ, ಗಾಳಿಯ ಅಭಾವಕ್ಕೆ ಬಲಿಯಾದವರೇ ಹೆಚ್ಚು. 19,000 ಅಡಿಯ ಮೇಲೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಹಸಿವು ಸಾಯುತ್ತದೆ, ನಿದ್ದೆ ಹತ್ತುವುದಿಲ್ಲ, ಬರಿಗೈಯಲ್ಲಿ ಬಂದೂಕಿನ ಲೋಹ ಮುಟ್ಟಿದರೆ ಚರ್ಮ ಕಳೆದುಕೊಳ್ಳಬೇಕಾಗುತ್ತದೆ. ಕೆಳಗಿನಿಂದ ಬಂದವನನ್ನು ನೇರವಾಗಿ ಮೇಲೆ ಕಳಿಸುವಂತಿಲ್ಲ. 9,000 ಅಡಿ ದಾಟಿದ ಮೇಲೆ ಆರು ದಿನ, 12,000 ದಾಟಿದ ಮೇಲೆ ನಾಲ್ಕು ದಿನ, 15,000 ದಾಟಿದ ಮೇಲೆ ಮತ್ತೆ ನಾಲ್ಕು ದಿನ ನಿಲ್ಲಿಸಿ ಮೈಯನ್ನು ಎತ್ತರಕ್ಕೆ ಒಗ್ಗಿಸುತ್ತಾರೆ. ಸಿಯಾಚಿನ್ ಸಮರ ಶಾಲೆಯಲ್ಲಿ ಹಿಮದ ಗೋಡೆ ಹತ್ತುವುದು, ಬಿರುಕಿಗೆ ಬಿದ್ದವನನ್ನು ಮೇಲೆತ್ತುವುದು ಕಲಿಸುತ್ತಾರೆ. ನಡೆಯುವಾಗ ಯೋಧರು ಒಂದೇ ಹಗ್ಗಕ್ಕೆ ತಮ್ಮನ್ನು ಕಟ್ಟಿಕೊಳ್ಳುತ್ತಾರೆ. ಒಬ್ಬ ಜಾರಿದರೆ ಉಳಿದವರು ಅವನ ಭಾರ ತಡೆಯಬೇಕು, ಇಲ್ಲವಾದರೆ ಅವನೊಂದಿಗೆ ಹೋಗಬೇಕು.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹನುಮಂತಪ್ಪನವರಿದ್ದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಹತ್ತು ಮಂದಿ ಹೂತುಹೋದರು. ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ನಾಗೇಶ ಮತ್ತು ಎಚ್.ಡಿ. ಕೋಟೆಯ ಸಿಪಾಯಿ ಮಹೇಶ ಕೂಡ ಅವರಲ್ಲಿದ್ದರು. ಕನ್ನಡ ನಾಡು ಒಂದೇ ಹೆಸರನ್ನು ನೆನೆದು ಈ ಇಬ್ಬರನ್ನು ಮರೆಯಬಾರದು. ಹುಡುಕಾಟಕ್ಕೆ ನೂರಕ್ಕೂ ಹೆಚ್ಚು ಯೋಧರು ಇಳಿದರು. ಕಲ್ಲಿನಂತೆ ಗಟ್ಟಿಯಾದ ಹಿಮಗಡ್ಡೆಯನ್ನು ಯಂತ್ರದಿಂದ ಕೊರೆಯುತ್ತ, ರಾಡಾರ್ ಮತ್ತು ನಾಯಿಗಳ ನೆರವಿನಿಂದ 25 ಅಡಿಗೂ ಆಳಕ್ಕೆ ಹೋಗಿ ಫೆಬ್ರುವರಿ 8ರ ರಾತ್ರಿ ಹನುಮಂತಪ್ಪನವರನ್ನು ಜೀವಂತ ಹೊರತೆಗೆದರು. ಮತ್ತೆ ಹಿಮ ಕುಸಿಯಬಹುದೆಂಬ ಭಯ ಆ ಹುಡುಕಾಟದ ಉದ್ದಕ್ಕೂ ಇತ್ತು. ಬದುಕಿರುವವರು ಯಾರೂ ಸಿಗಲಾರರು ಎಂದು ದೇಶವೇ ಕೈಚೆಲ್ಲಿದ್ದಾಗಲೂ ಅಲ್ಲಿದ್ದವರು ಅಗೆಯುವುದನ್ನು ಬಿಡಲಿಲ್ಲ.

ನೆಲ ಕುಸಿದದ್ದು ಅಪಘಾತವೇ. ಆ ನೆಲದ ಮೇಲೆ ದಿನವೂ ನಿಲ್ಲಲು ಒಪ್ಪಿದ್ದು ಅಪಘಾತವಲ್ಲ. ಗಟ್ಟಿತನ ಎಂದರೆ ಮುಖ್ಯವಾಗಿ ಇದೇ: ಯಾರೂ ನೋಡದ ಜಾಗದಲ್ಲಿ, ಏನೂ ನಡೆಯದ ದಿನಗಳಲ್ಲಿ, ಮೈ ಬೇಡವೆಂದರೂ ಪಹರೆಗೆ ಎದ್ದು ನಿಲ್ಲುವುದು. ಹನುಮಂತಪ್ಪನವರ ದೇಹ ಕೊನೆಗೆ ಸೋತಿತು. ದೇಹಕ್ಕೆ ಮಿತಿ ಇದೆ ಎಂಬ ಕಾರಣಕ್ಕೇ ಆ ಮಿತಿಯವರೆಗೆ ಹೋಗುವವರಿಗೆ ಬೆಲೆ. 2017ರಲ್ಲಿ ಅವರಿಗೆ ಮರಣೋತ್ತರವಾಗಿ ಸೇನಾ ಪದಕ ಸಂದಿತು.

ನಾಲ್ಕು: “ಯೋಧರನ್ನು ಹೊಗಳಿದರೆ ಯುದ್ಧದ ಹುಚ್ಚು ಹೆಚ್ಚುತ್ತದೆ. ಗಟ್ಟಿತನ ಎಂದರೆ ಕ್ರೌರ್ಯ.”

ಕ್ರೌರ್ಯಕ್ಕೆ ತರಬೇತಿ ಬೇಕಿಲ್ಲ. ಉತ್ತಮ ಯೋಧನಿಗೆ ಕಲಿಸುವುದು ಅದಕ್ಕೆ ವಿರುದ್ಧವಾದದ್ದನ್ನು: ಕೈಯಲ್ಲಿ ಅಸ್ತ್ರವಿದ್ದಾಗ ತನ್ನನ್ನು ತಾನು ಹಿಡಿದುಕೊಳ್ಳುವುದು. 2008ರ ನವೆಂಬರಿನಲ್ಲಿ ಮುಂಬೈಯ ತಾಜ್ ಹೋಟೆಲಿನಲ್ಲಿ ಎನ್ಎಸ್‌ಜಿ ಕಮಾಂಡೊಗಳು ಮಾಡಿದ್ದೇನು? ಅತಿಥಿಗಳು ಅಡಗಿದ್ದ ಕೋಣೆಗಳ ನಡುವೆ, ಕತ್ತಲು ಮತ್ತು ಹೊಗೆಯಲ್ಲಿ, ಯಾರು ಉಗ್ರ ಯಾರು ಅಮಾಯಕ ಎಂದು ಕ್ಷಣದಲ್ಲಿ ತೀರ್ಮಾನಿಸುತ್ತ ಮುಂದುವರಿದರು. ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಗಾಯಗೊಂಡ ಸಹಯೋಧನನ್ನು ಮೊದಲು ಸುರಕ್ಷಿತವಾಗಿ ಸಾಗಿಸುವ ಏರ್ಪಾಡು ಮಾಡಿ, ಬಳಿಕ ಉಗ್ರರ ಬೆನ್ನುಹತ್ತಿ ಪ್ರಾಣ ಕೊಟ್ಟರು. ಅವರಿಗೆ ಅಶೋಕ ಚಕ್ರ ಸಂದಿತು. ಇದರಲ್ಲಿ ಕ್ರೌರ್ಯ ಎಲ್ಲಿದೆ?

ನಮ್ಮ ನಾಡಿನ ಗೌರವದ ಪರಂಪರೆಯೂ ಇದನ್ನೇ ಹೇಳುತ್ತದೆ. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ತಡೆಯಲು ನಿಂತು ಮಡಿದವನಿಗೆ ಊರವರೇ ವೀರಗಲ್ಲು ನಿಲ್ಲಿಸಿದರು. ಇಂಥ ಕಲ್ಲು ಪಡೆದವರಲ್ಲಿ ಅರಸರಲ್ಲದ ಸಾಮಾನ್ಯರು ಎಷ್ಟೋ ಜನ. ಶಾಸನಗಳಲ್ಲಿ ಲೆಂಕರು, ವೇಳೆವಡಿಚರು, ಹೊಯ್ಸಳರ ಗರುಡರು ಎಂಬ ವಿಶೇಷ ಯೋಧರೂ ಕಾಣುತ್ತಾರೆ. ಅವರ ಆಣೆ ಒಡೆಯನೊಬ್ಬನಿಗೆ, ಒಡೆಯ ಸತ್ತರೆ ಅವರೂ ಸಾಯಬೇಕು. ಇಂದಿನ ಯೋಧನ ಪ್ರಮಾಣ ಸಂವಿಧಾನಕ್ಕೆ. ಈ ದೊಡ್ಡ ಬದಲಾವಣೆಯನ್ನು ಗಮನಿಸಿದರೆ ಯೋಧನಿಗೆ ಕೊಡುವ ಗೌರವ ಯುದ್ಧದಾಹವಲ್ಲ ಎಂಬುದು ಸ್ಪಷ್ಟವಾಗುತ್ತದೆ. ಸಿಯಾಚಿನ್‌ನಿಂದ ಎರಡೂ ದೇಶಗಳ ಸೇನೆ ಕೆಳಗಿಳಿಯಲಿ ಎಂದು ಬಯಸುವವರು ಧಾರಾಳವಾಗಿ ಬಯಸಲಿ. ಹಾಗೆ ಬಯಸಲು ಅಲ್ಲಿ ನಿಂತವನ ಶ್ರಮವನ್ನು ಹೀಗಳೆಯುವ ಅಗತ್ಯವಿಲ್ಲ.

ಐದು: “ರೈತನೂ ಸಾಯ್ತಾನ. ಅವಗ ಯಾಕ ಸೆಲ್ಯೂಟ್ ಇಲ್ಲ?”

ಈ ಪ್ರಶ್ನೆ ಕೇಳುವ ಹಕ್ಕು ನಮ್ಮ ಸೀಮೆಗೆ ಬೇರೆಲ್ಲರಿಗಿಂತ ಹೆಚ್ಚಿದೆ. 1980ರ ಜುಲೈ 21ರಂದು ಮಲಪ್ರಭಾ ಪ್ರದೇಶದ ರೈತರ ಮೇಲೆ ಗೋಲಿಬಾರ್ ಆದದ್ದು ನವಲಗುಂದ, ನರಗುಂದದ ನೆಲದಲ್ಲಿ. ಆ ರೈತ ಹುತಾತ್ಮರನ್ನು ಇಲ್ಲಿಯ ಜನ ಪ್ರತಿ ವರ್ಷ ಜುಲೈ 21ಕ್ಕೆ ನೆನೆಯುತ್ತಾರೆ. ಐದು ದಿನ ಕಳೆದರೆ ಜುಲೈ 26, ಕಾರ್ಗಿಲ್ ವಿಜಯ ದಿನ. ಅದನ್ನೂ ಇದೇ ಜನ ಆಚರಿಸುತ್ತಾರೆ. ಈ ಎರಡು ದಿನಗಳು ಇಲ್ಲಿ ಎಂದೂ ಜಗಳವಾಡಿಲ್ಲ. ಹನುಮಂತಪ್ಪ ಯಾರ ಮಗ? ಇದೇ ಎರಿ ನೆಲದ ಬೇಸಾಯದ ಮನೆಯ ಮಗ. ರೈತನಿಗೆ ಸಿಗಬೇಕಾದ ಗೌರವ ಸಿಗುತ್ತಿಲ್ಲ ಎಂಬುದು ಸತ್ಯ. ಅದನ್ನು ಬೆಂಬಲ ಬೆಲೆಗೆ, ಬೆಳೆವಿಮೆಗೆ, ಮಹದಾಯಿ ನೀರಿಗೆ ಹೋರಾಡಿ ಪಡೆಯಬೇಕು. ಯೋಧನ ಪಾಲಿನದನ್ನು ಕಿತ್ತರೆ ರೈತನಿಗೆ ಸಿಗುವುದು ಶೂನ್ಯ.

ಆರು: “ನಾಲ್ಕು ದಿನ ಬ್ಯಾನರ್, ಆಮೇಲೆ ಮರೆವು. ಮತ್ತ ಪ್ರಶ್ನೆ ಕೇಳಿದವರ ಬಾಯಿ ಮುಚ್ಚಸಾಕ ಯೋಧರ ಹೆಸರು.”

ಇದರಲ್ಲಿ ಸತ್ಯವಿದೆ, ಒಪ್ಪುತ್ತೇನೆ. ಬ್ಯಾನರಿನಲ್ಲಿ ಯೋಧನ ಚಿತ್ರಕ್ಕಿಂತ ರಾಜಕಾರಣಿಯ ಚಿತ್ರ ದೊಡ್ಡದಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಆದರೆ ಗೌರವ ಟೊಳ್ಳಾಗಿದ್ದರೆ ಅದನ್ನು ತುಂಬಬೇಕು, ಎಸೆಯಬಾರದು.

ಪ್ರಶ್ನೆ ಕೇಳುವುದೂ ಗೌರವದ ಭಾಗವೇ. ಎತ್ತರದ ನೆಲೆಗಳ ಯೋಧರಿಗೆ ಬೂಟು, ಹಿಮದ ಕನ್ನಡಕ, ಆಹಾರ ಸರಿಯಾಗಿ ತಲುಪುತ್ತಿಲ್ಲ ಎಂದು ಮಹಾಲೇಖಪಾಲರ ವರದಿ 2020ರಲ್ಲಿ ಸಂಸತ್ತಿನ ಮುಂದೆ ಹೇಳಿತು. ಯೋಧನನ್ನು ನಿಜವಾಗಿ ಗೌರವಿಸುವವನು ಆ ವರದಿ ಓದಿ ಸಿಟ್ಟಾಗಬೇಕು, ತನ್ನ ಸಂಸದನನ್ನು ಕೇಳಬೇಕು. ಹೀಗೆ ಪ್ರಶ್ನಿಸಲು ಮಾದರಿ ನಮ್ಮಲ್ಲೇ ಇದೆ. ಕವಿ ಪಂಪನ ತಾಯಿಯ ತವರು ಅಣ್ಣಿಗೇರಿ. ಕತ್ತಿಯನ್ನೂ ಲೇಖನಿಯನ್ನೂ ಹಿಡಿದ ಆ ಕವಿ ಭಾರತದ ಕಥೆ ಹೇಳುವಾಗ ಎದುರು ಪಾಳೆಯದ ಕರ್ಣನ ದೊಡ್ಡತನವನ್ನೂ ದುರ್ಯೋಧನನ ಛಲವನ್ನೂ ಕಂಡು ಹೇಳಿದ, ಅವರ ತಪ್ಪನ್ನು ಮುಚ್ಚಿಡಲಿಲ್ಲ. ಗುಣವನ್ನು ಗುರುತಿಸುತ್ತಲೇ ಪ್ರಶ್ನಿಸುವ ಬುದ್ಧಿ ಈ ನೆಲಕ್ಕೆ ಹೊಸದಲ್ಲ.

ಯುವಕರನ್ನು ನಾಲ್ಕು ವರ್ಷಕ್ಕೆ ಸೇನೆಗೆ ಸೇರಿಸಿಕೊಳ್ಳುವ 2022ರ ಅಗ್ನಿಪಥ ಯೋಜನೆಯಿಂದ ನಮಗೆ ಇನ್ನೊಂದು ಹೊಣೆಯೂ ಇದೆ. ನಾಲ್ಕು ವರ್ಷ ಮುಗಿಸಿದ ಅಗ್ನಿವೀರರಲ್ಲಿ ಸೇನೆಯಲ್ಲಿ ಉಳಿಯುವವರು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು. ಮಿಕ್ಕವರು ಇಪ್ಪತ್ತರ ಹರೆಯದಲ್ಲೇ ನಮ್ಮ ಊರುಗಳಿಗೆ ಮರಳುತ್ತಾರೆ. ಅವರನ್ನು “ಭರ್ತಿಯಾಗಿ ವಾಪಸ್ ಬಂದಾವ” ಎಂದು ಹಂಗಿಸುತ್ತೇವೋ, ಪಳಗಿದ ಆ ಮೈ ಮನಸ್ಸುಗಳಿಗೆ ತಕ್ಕ ಕೆಲಸ ಕೊಡುತ್ತೇವೋ?

ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿಯ ಓದುಗರಲ್ಲಿ ನನ್ನ ಬೇಡಿಕೆ ಇಷ್ಟು. ನಸುಕಿನಲ್ಲಿ ಲಾರಿಗಳ ನಡುವೆ ಓಡುವ ಹುಡುಗರಿಗೆ ಪಂಚಾಯ್ತಿಯಿಂದ ಒಂದು ಮೈದಾನ, ಎರಡು ಬೀಮ್, ಕುಡಿಯುವ ನೀರು ಕೇಳಿ ಕೊಡಿಸಿ. ಊರಿನ ನಿವೃತ್ತ ಯೋಧರನ್ನು ಶಾಲೆಗೆ ಕರೆದು, ಅವರ ಕೆಲಸ ಹೇಗಿತ್ತೆಂದು ಮಕ್ಕಳಿಗೆ ಹೇಳಿಸಿ. ಮಡಿದವರ ಮನೆಯ ಕಡತ ಯಾವ ಕಚೇರಿಯಲ್ಲಿ ನಿಂತಿದೆಯೆಂದು ಗ್ರಾಮಸಭೆಯಲ್ಲೇ ಕೇಳಿ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಗೆ ಕೈಲಾದಷ್ಟು ಹಾಕಿ. ಇಷ್ಟು ಮಾಡಿದ ಊರಿಗೆ ಜೈಕಾರ ಹಾಕುವ ಅಧಿಕಾರವಿದೆ. ಮಾಡದ ಊರಿಗೆ ಅದು ಇಲ್ಲ.