ಸೈಕಲ್ ತುಳಿಯಿರಿ ಅಂತ ನಮಗೆ ಪಾಠ ಹೇಳಬೇಡಿ

ಹೋದ ವಾರ ಬೆಂಗಳೂರಿನಲ್ಲಿ ಒಂದು ಸಭೆಗೆ ಹೋಗಿದ್ದೆ. ವಿಷಯ, ನಗರಕ್ಕೆ ಸೈಕಲ್ ಯಾಕೆ ಬೇಕು ಅನ್ನೋದು. ದಿನಾ ತುಳಿಯೋನು, ಅವತ್ತೂ ಸೈಕಲ್ಲಲ್ಲೇ ಹೋದೆ. ಗೇಟಲ್ಲಿ ಸೆಕ್ಯುರಿಟಿಯವರು ತಡೆದರು. "ಅಣ್ಣ, ಕೆಲಸದವರ ಸೈಕಲ್ ಹಿಂದಿನ ಗೇಟಲ್ಲಿ." ಮುಂದಿನ ಗೇಟಿನ ಒಳಗೆ ಹತ್ತು ಹನ್ನೆರಡು ಸೈಕಲ್ ಸಾಲಾಗಿ ನಿಂತಿದ್ದವು. ಒಂದೊಂದರ ಬೆಲೆಗೆ ನಮ್ಮ ಕೇರಿಯಲ್ಲಿ ಒಂದು ಮದುವೆ ಆಗುತ್ತೆ.

ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಹಿಂದೆ ಜನರೇಟರ್ ಪಕ್ಕ ಸೈಕಲ್ ನಿಲ್ಲಿಸುವಾಗ ನೋಡಿದೆ, ಅವರದೂ ಅಲ್ಲೇ ಇತ್ತು. ಸೀಟಿಗೆ ಪ್ಲಾಸ್ಟಿಕ್ ಕವರ್ ಕಟ್ಟಿತ್ತು, ನನ್ನದರ ಹಾಗೇ.

ಒಳಗೆ ಎರಡು ಗಂಟೆ ಮಾತು. ಪರಿಸರ, ಫಿಟ್‌ನೆಸ್, ಆಮ್‌ಸ್ಟರ್‌ಡ್ಯಾಮ್ ಎಲ್ಲಾ ಬಂತು. "ನಮ್ಮ ಜನರಲ್ಲಿ ಸೈಕಲ್ ಸಂಸ್ಕೃತಿಯೇ ಇಲ್ಲ" ಅಂದರು ಒಬ್ಬರು. ನಾನು ಕೈ ಎತ್ತಿದೆ. ಸಮಯ ಮುಗೀತು ಅಂದರು. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಸ್ವಾಮಿ, ಬೆಳಗಿನ ಜಾವ ಐದೂವರೆಗೆ ಮಾಗಡಿ ರೋಡಿಗೆ ಬನ್ನಿ. ನಾನು ಸುಂಕದಕಟ್ಟೆಯಿಂದ ಮೆಜೆಸ್ಟಿಕ್ ಕಡೆಗೆ, ಹತ್ತು ಕಿಲೋಮೀಟರ್ ಹತ್ತಿರ, ದಿನಾ ತುಳಿಯೋನು. ಸುಮನಹಳ್ಳಿ ದಾಟುವಷ್ಟರಲ್ಲಿ ಎಷ್ಟು ಜನ ಸಿಗ್ತಾರೆ ಗೊತ್ತಾ? ನೈಟ್ ಶಿಫ್ಟ್ ಮುಗಿಸಿದ ಸೆಕ್ಯುರಿಟಿಯವರು, ಹ್ಯಾಂಡಲ್ಲಿಗೆ ಬಕೆಟ್ ನೇತುಹಾಕಿಕೊಂಡ ಪೇಂಟರ್‌ಗಳು, ಕ್ಯಾರಿಯರ್ ಮೇಲೆ ಟೀ ಫ್ಲಾಸ್ಕ್ ಕಟ್ಟಿಕೊಂಡವರು, ಪೇಪರ್ ಹಾಕೋ ಹುಡುಗರು, ಸೊಪ್ಪು ಮಾರೋರು. ಇವರು ಯಾರೂ ತಮ್ಮನ್ನು "ಸೈಕ್ಲಿಸ್ಟ್" ಅಂತ ಕರೆದುಕೊಳ್ಳಲ್ಲ. ಅದಕ್ಕೇ ನಿಮ್ಮ ಲೆಕ್ಕಕ್ಕೂ ಬರಲ್ಲ.

ಸಭೆಯಲ್ಲಿ ಗೇರ್ ಬಗ್ಗೆ ಸ್ಲೈಡ್ ತೋರಿಸಿದರು. ನನ್ನ ಸಾಮಾನೂ ಹೇಳಿಬಿಡ್ತೀನಿ. ಗೇರಿಲ್ಲದ ಹಳೇ ಕರೀ ಸೈಕಲ್, ಕ್ಯಾರಿಯರ್ ಇರೋದು. ಚೈನಿಗೆ ಸಿಕ್ಕದ ಹಾಗೆ ಪ್ಯಾಂಟಿಗೆ ರಬ್ಬರ್ ಬ್ಯಾಂಡ್. ಚೀಲದಲ್ಲಿ ಪ್ಯಾಚು, ಸಲ್ಯೂಷನ್, ಉಪ್ಪುಕಾಗದ, ಎರಡು ಸ್ಪ್ಯಾನರ್. ಯಾಕಂದ್ರೆ ಈಗಿನ ಪಂಚರ್ ಅಂಗಡಿಯವರು ಎಷ್ಟೋ ಜನ ಸೈಕಲ್ ಮುಟ್ಟಲ್ಲ, ಬೈಕು ಕಾರು ಮಾತ್ರ. ಮಳೆಯಲ್ಲಿ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯಲ್ಲ, ಸಿಗ್ನಲ್ ಇನ್ನೂ ದೂರ ಇರುವಾಗಲೇ ಒತ್ತೋಕೆ ಶುರು ಮಾಡಬೇಕು. ಡೈನಮೊ ಲೈಟು ಚಕ್ರ ತಿರುಗಿದರೆ ಮಾತ್ರ ಉರಿಯುತ್ತೆ. ಕತ್ತಲಲ್ಲಿ ನಿಂತ ಕ್ಷಣ ಹಿಂದಿನ ಲಾರಿಯವನಿಗೆ ನಾನು ಕಾಣಲ್ಲ. ಅದಕ್ಕೇ ಹಿಂದೆ ಒಂದು ಬ್ಯಾಟರಿ ಲೈಟ್ ಸಿಕ್ಕಿಸಿದ್ದೀನಿ.

ಇನ್ನೊಂದು ಸಾಮಾನಿದೆ, ಬದಲಿ ಅಂಗಿ. ಆಫೀಸ್ ನಲ್ಲಿಯಲ್ಲಿ ಮುಖ ತೊಳೆದು ಅಂಗಿ ಬದಲಾಯಿಸದೆ ನಾನು ಯಾವತ್ತೂ ಒಳಗೆ ಕಾಲಿಟ್ಟಿಲ್ಲ. ಹೆಲ್ಮೆಟ್ ಹಾಕ್ಕೊಂಡು ಬೆವೆತು ಬರೋ ಮ್ಯಾನೇಜರಿಗೆ "ಸೂಪರ್ ಸಾರ್" ಅಂತಾರೆ. ನಾನು ಬೆವೆತು ಬಂದರೆ ಕುರ್ಚಿ ಸರಿಸಿ ಕೂರ್ತಾರೆ. ಈ ವ್ಯತ್ಯಾಸಕ್ಕೆ ಕಾರಣ ಏನು ಅಂತ ಈ ಪೋಸ್ಟ್ ಓದೋ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಸಂಸ್ಕೃತಿ ವಿಷಯಕ್ಕೆ ಬರೋಣ.

ಚಿಕ್ಕವನಿದ್ದಾಗ ಅಪ್ಪನ ಸೈಕಲ್ ಕ್ಯಾರಿಯರ್ ಮೇಲೆ ಸಂತೆಗೆ ಹೋಗ್ತಿದ್ದೆ. ಊರೊಳಗಿನ ಬೀದಿ ಬಂದ ಕೂಡಲೇ ಅಪ್ಪ "ಇಳಿ ಮಗಾ" ಅನ್ನೋನು. ಅವನೂ ಇಳಿದು, ಚಪ್ಪಲಿ ಬಿಚ್ಚಿ ಹ್ಯಾಂಡಲ್ಲಿಗೆ ಸಿಕ್ಕಿಸಿ, ತಳ್ಳಿಕೊಂಡು ಹೋಗೋನು. ಅರಳಿಕಟ್ಟೆ, ಗುಡಿ ಎಲ್ಲಾ ದಾಟಿದ ಮೇಲೆ ಮತ್ತೆ ಹತ್ತೋನು. ಅದು ರಸ್ತೆ ರೂಲ್ಸು ಅಂತ್ಲೇ ನಾನು ಎಷ್ಟೋ ವರ್ಷ ಅಂದ್ಕೊಂಡಿದ್ದೆ.

ಇದು ಬರೀ ನಮ್ಮಪ್ಪನ ಕಥೆ ಆಗಿದ್ದಿದ್ದರೆ ಪಾರ್ಲಿಮೆಂಟಿಗೆ ಇದರ ಬಗ್ಗೆ ಕಾನೂನು ಬರೆಯೋ ಅಗತ್ಯ ಬೀಳ್ತಿರಲಿಲ್ಲ. ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯ್ತು, 2016ರ ಜನವರಿ 26ರಿಂದ ಜಾರಿಗೆ ಬಂತು. ಅದರಲ್ಲಿ ಸೆಕ್ಷನ್ 3(1)(ಜೆಡ್‌ಎ) ತೆಗೆದು ಓದಿ. ಸಾರ್ವಜನಿಕ ಜಾಗದಲ್ಲಿ ದಲಿತರು, ಆದಿವಾಸಿಗಳು ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತೋದನ್ನ, ಚಪ್ಪಲಿ ಹಾಕೋದನ್ನ, ಹೊಸಬಟ್ಟೆ ಉಡೋದನ್ನ ತಡೆದರೆ ಅಪರಾಧ. ಸೈಕಲ್ ಅನ್ನೋ ಪದ ಹೆಸರು ಹಿಡಿದು ಅಲ್ಲಿದೆ. ಸ್ವಾತಂತ್ರ್ಯ ಬಂದು 68 ವರ್ಷ ಆದಮೇಲೆ ಬರೆದ ಸಾಲು ಅದು. ಸೈಕಲ್ ಸಂಸ್ಕೃತಿ ಇಲ್ಲದೇ ಇರೋದು ಯಾರಿಗೆ ಅಂತ ಈಗ ಹೇಳಿ.

1983ರಲ್ಲಿ ಕಾನ್ಶಿರಾಮ್ ಸಾಹೇಬರು ಡಿಎಸ್-4 ಕಾರ್ಯಕರ್ತರನ್ನು ಕಟ್ಟಿಕೊಂಡು ಉತ್ತರ ಭಾರತದಲ್ಲಿ ಸೈಕಲ್ ಜಾಥಾ ಮಾಡಿದ್ದು ಶೋಕಿಗಲ್ಲ. ಕಾರಿಗೆ ದುಡ್ಡಿರಲಿಲ್ಲ, ಕೇರಿ ಕೇರಿಗೆ ತಲುಪಬೇಕಿತ್ತು. ಅದೂ ಸೈಕಲ್ ಇತಿಹಾಸವೇ. ನಿಮ್ಮ ಸ್ಲೈಡಲ್ಲಿ ಅದು ಇರಲಿಲ್ಲ.

ಇನ್ನು ರಸ್ತೆ. 2020ರಲ್ಲಿ ಬೆಂಗಳೂರಲ್ಲಿ ದೊಡ್ಡದಾಗಿ ಸೈಕಲ್ ಲೇನ್ ಹಾಕಿದ್ದು ಎಲ್ಲಿ? ಹೊರ ವರ್ತುಲ ರಸ್ತೆಯ ಐಟಿ ಕಂಪನಿಗಳ ಸಾಲಲ್ಲಿ. ಅದಕ್ಕೂ ಮುಂಚೆ ಜಯನಗರದಲ್ಲಿ ಮಾಡಿದ್ದರು, ಅದರ ಮೇಲೆ ಕಾರು ನಿಂತವು. ಪೀಣ್ಯ, ಲಗ್ಗೆರೆ, ಸುಂಕದಕಟ್ಟೆ ಕಡೆ, ನಿಜವಾಗಿ ಸೈಕಲ್ ತುಳಿಯೋರು ಇರೋ ಕಡೆ, ಯಾಕೆ ಶುರು ಮಾಡಲಿಲ್ಲ? ಯಾಕಂದ್ರೆ ನಿಮಗೆ ಬೇಕಿರೋದು ಕಾರು ಬಿಟ್ಟು ಸೈಕಲ್ ಹತ್ತೋ ಹೊಸಬರು. ಮೊದಲಿಂದ ತುಳೀತಿರೋರು ಹೇಗೂ ತುಳೀತಾರೆ ಅಂತ ಲೆಕ್ಕ.

ನಮ್ಮವರಿಗೂ ಒಂದು ಮಾತು. "ಇನ್ನೂ ಸೈಕಲ್ಲಾ ಅಣ್ಣ?" ಅಂತ ನೀವೂ ನಗ್ತೀರ. ನಗಿ, ಬೇಜಾರಿಲ್ಲ. ಕೇರಿ ಹುಡುಗ ಸಾಲ ಮಾಡಿ ಬುಲೆಟ್ ತಗೊಂಡು ಊರ ಮಧ್ಯದ ಬೀದೀಲೇ ಸದ್ದು ಮಾಡ್ಕೊಂಡು ಹೋದರೆ ನನಗೂ ಎದೆ ಉಬ್ಬುತ್ತೆ. ಅವನಿಗೆ ಪರಿಸರದ ಪಾಠ ಹೇಳೋ ಯೋಗ್ಯತೆ ಮನೆಗೆ ಎರಡು ಕಾರು ಇಟ್ಟವರಿಗಿಲ್ಲ. ಆದ್ರೆ ಸೈಕಲ್ ಅಂದ್ರೆ ಅವಮಾನ ಅಂತ ಮಾತ್ರ ಅಂದ್ಕೋಬೇಡಿ. ಅವಮಾನ ಇದ್ದಿದ್ದು ನಮ್ಮನ್ನ ಅದರಿಂದ ಇಳಿಸಿದವರಲ್ಲಿ.

ಕೇಳೋದು ಇಷ್ಟು. ಕಾರ್ಮಿಕರು ತುಳಿಯೋ ರಸ್ತೆಗಳಲ್ಲಿ ಮೊದಲು ಲೇನ್ ಮತ್ತು ಬೀದಿ ದೀಪ. ಪ್ರತಿ ಅಪಾರ್ಟ್‌ಮೆಂಟು, ಕಂಪನಿ, ಸರ್ಕಾರಿ ಕಚೇರಿಯಲ್ಲಿ ಎಲ್ಲರಿಗೂ ಒಂದೇ ಗೇಟು, ಒಂದೇ ಸ್ಟ್ಯಾಂಡು. 2006-07ರಲ್ಲಿ ಶುರುವಾಗಿ ಕೋವಿಡ್ ಕಾಲದಲ್ಲಿ ನಿಂತ ಎಂಟನೇ ಕ್ಲಾಸ್ ಮಕ್ಕಳ ಸೈಕಲ್ ಯೋಜನೆ ಎಲ್ಲ ಮಕ್ಕಳಿಗೂ. ಆ ಸೈಕಲ್ ಹತ್ತಿ ಹೈಸ್ಕೂಲಿಗೆ ಹೋದ ಹೆಣ್ಣುಮಕ್ಕಳು ಈ ಪೋಸ್ಟ್ ಓದ್ತಿದ್ದರೆ ಕೆಳಗೆ ಬರೀರಿ, ಅದು ನಿಮ್ಮ ಜೀವನದಲ್ಲಿ ಏನು ಮಾಡ್ತು ಅಂತ.

ಮುಂದಿನ ತಿಂಗಳು ಅದೇ ಜಾಗದಲ್ಲಿ ಇನ್ನೊಂದು ಸಭೆ ಇದೆಯಂತೆ. ನಾನು ಹೋಗ್ತೀನಿ, ಅದೇ ಸೈಕಲ್ಲಲ್ಲಿ, ಮುಂದಿನ ಗೇಟಲ್ಲೇ. ಜೊತೆಗೆ ಬರೋರು ಬನ್ನಿ. ಆ ಸೆಕ್ಯುರಿಟಿ ಅಣ್ಣನಿಗೆ ತೊಂದರೆ ಆಗದ ಹಾಗೆ, ಕರೆದವರ ಹತ್ತಿರವೇ ಮೊದಲು ಮಾತಾಡೋಣ.

ಜೈ ಭೀಮ್.